ರಾಕೆಟ್ ಯಾಕೆ ಸೊಟ್ಟ ದಾರಿ ಹಿಡಿಯುತ್ತದೆ?

ಪ್ರಶ್ನೆ: ಟಿವಿಯಲ್ಲಿ ಪಿಎಸ್‌ಎಲ್‌ವಿ ಉಡಾವಣೆ ನೋಡುತ್ತಿದ್ದೆವು. ನೆಟ್ಟಗೆ ಏರಿದ ರಾಕೆಟ್ ಸ್ವಲ್ಪ ಹೊತ್ತಿಗೇ ವಾಲಿತು. ನಕ್ಷೆಯಲ್ಲಿ ಅದರ ದಾರಿಯೂ ನಡುವೆ ಸೊಟ್ಟಗಾಯಿತು. 'ಕೆಟ್ಟಿತು' ಎಂದು ನಮ್ಮ ತಂದೆ ಗಾಬರಿಯಾದರು. ಆದರೆ ಉಪಗ್ರಹ ಸರಿಯಾಗಿಯೇ ಕಕ್ಷೆ ಸೇರಿತು. ಹೀಗೇಕೆ?
– ಓದುಗರೊಬ್ಬರು, ಹಾವೇರಿ

ಉತ್ತರ: ತಂದೆಯವರ ಗಾಬರಿ ನನಗೆ ಚೆನ್ನಾಗಿ ಗೊತ್ತು. ಶ್ರೀಹರಿಕೋಟಾದ ಗ್ಯಾಲರಿಯಲ್ಲಿ ಮೊದಲ ಸಲ ನಿಂತಾಗ ನನ್ನ ಎದೆಯೂ ಧಸಕ್ಕೆಂದಿತ್ತು. ಮರಗಳ ಹಿಂದೆ ಕಿತ್ತಳೆ ಬೆಳಕು ಎದ್ದಿತು, ಸದ್ದೇ ಇಲ್ಲ. ಬೆಂಕಿ ಮೇಲೇರಿದ ಮೇಲೆ ಗುಡುಗು ಬಂತು, ಮೈಮೇಲಿನ ಅಂಗಿ ಅದುರುವಷ್ಟು. ಅಷ್ಟರಲ್ಲಿ ರಾಕೆಟ್ ಸಮುದ್ರದ ಕಡೆ ಬಾಗಿಯಾಗಿತ್ತು. ಬಿಳಿ ಹೊಗೆ ಕುಡುಗೋಲಿನ ಹಾಗೆ ಆಕಾಶದಲ್ಲಿ ಉಳಿಯಿತು.

ವಾಲುವುದು ಬೇಕೆಂದೇ. ಉಪಗ್ರಹವನ್ನು 500 ಕಿ.ಮೀ. ಎತ್ತರಕ್ಕೆ ಒಯ್ದು ಸುಮ್ನೆ ಬಿಟ್ಟರೆ ಕಲ್ಲಿನ ಹಾಗೆ ಬೀಳುತ್ತದೆ. ಅಲ್ಲಿ ಅದು ಸೆಕೆಂಡಿಗೆ ಸುಮಾರು 7.6 ಕಿ.ಮೀ. ವೇಗದಲ್ಲಿ ಅಡ್ಡಲಾಗಿ ಓಡುತ್ತಿರಬೇಕು. ಕೆಳಗಿನ ದಟ್ಟ ಗಾಳಿಯನ್ನು ಬೇಗ ದಾಟಲು ಮೊದಲು ನೆಟ್ಟಗೆ ಏರುತ್ತದೆ, ಆಮೇಲೆ ಅಡ್ಡ ಓಟ.

ನಕ್ಷೆಯ ಸೊಟ್ಟಿನ ಕಥೆ ಬೇರೆ. ಧ್ರುವಗಳ ಮೇಲೆ ಸುತ್ತುವ ಉಪಗ್ರಹಕ್ಕಾಗಿ ರಾಕೆಟ್ ದಕ್ಷಿಣಕ್ಕೆ ಹೋಗಬೇಕು. ಶ್ರೀಹರಿಕೋಟಾದಿಂದ ದಕ್ಷಿಣಕ್ಕೆ ಹೊರಟರೆ ಶ್ರೀಲಂಕಾ ಅಡ್ಡ ಸಿಗುತ್ತದೆ. ಉರಿದು ಮುಗಿದ ಹಂತಗಳು, ಅಂದರೆ ರಾಕೆಟ್ಟಿನ ಖಾಲಿ ಭಾಗಗಳು, ಕಳಚಿ ಕೆಳಗೆ ಬೀಳುತ್ತವಲ್ವಾ? ಅಲ್ಲಿ ಜನರಿದ್ದಾರೆ. ಅದಕ್ಕೇ ಪಿಎಸ್‌ಎಲ್‌ವಿ ಮೊದಲು ಆಗ್ನೇಯಕ್ಕೆ, ಬಂಗಾಳ ಕೊಲ್ಲಿಯ ಮೇಲೆ ಹೋಗಿ, ಆಮೇಲೆ ದಕ್ಷಿಣಕ್ಕೆ ಹೊರಳುತ್ತದೆ. ಈ ಬಳಸು ದಾರಿಗೆ ಇಂಧನ ಜಾಸ್ತಿ ಬೇಕು, ಹೊರುವ ಭಾರ ಕಡಿಮೆಯಾಗುತ್ತದೆ. ಪಕ್ಕದ ದೇಶದವರ ತಲೆಯ ಮೇಲೆ ಹಾರದಿರಲು ನಾವು ಕೊಡುವ ಬೆಲೆ ಇದು. ನನಗಂತೂ ಇದರ ಬಗ್ಗೆ ಹೆಮ್ಮೆಯಿದೆ.

44 ಮೀಟರ್ ಎತ್ತರದ, ಸುಮಾರು 320 ಟನ್ ತೂಕದ ಪಿಎಸ್‌ಎಲ್‌ವಿ ಈ ನಷ್ಟ ತಾಳಿಕೊಳ್ಳುತ್ತದೆ. ಸುಮಾರು 500 ಕೆ.ಜಿ. ಹೊರುವ ಇಸ್ರೋದ ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿಗೆ ಅದು ದುಬಾರಿ. ಅದಕ್ಕಾಗಿಯೇ ತಮಿಳುನಾಡಿನ ಕುಲಶೇಖರಪಟ್ಟಿಣದಲ್ಲಿ ಹೊಸ ಉಡಾವಣಾ ಕೇಂದ್ರಕ್ಕೆ 2024ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು. ಅಲ್ಲಿಂದ ದಕ್ಷಿಣಕ್ಕೆ ಅಂಟಾರ್ಕ್ಟಿಕಾವರೆಗೂ ಬರೀ ಸಮುದ್ರ.

ಗಾಬರಿಯಾಗಬೇಕಾದದ್ದು ರಾಕೆಟ್ ಮೊದಲೇ ಹಾಕಿಟ್ಟ ಗೆರೆಯನ್ನು ಬಿಟ್ಟು ಹೋದಾಗ. 1993ರ ಸೆಪ್ಟೆಂಬರ್ 20ರಂದು ಮೊದಲ ಪಿಎಸ್‌ಎಲ್‌ವಿ ಹಾಗೆ ದಾರಿ ತಪ್ಪಿ ಸಮುದ್ರ ಸೇರಿತು. ಮರುವರ್ಷ ಅಕ್ಟೋಬರ್ 15ರಂದು ಎರಡನೆಯದು ಗುರಿ ಮುಟ್ಟಿತು. ಮುಂದಿನ ಸಲ ನಕ್ಷೆಯಲ್ಲಿ ಶ್ರೀಲಂಕಾ ಎಲ್ಲಿದೆ ಎಂದು ತಂದೆಯವರಿಗೆ ತೋರಿಸಿ. ಗೆರೆ ಆ ದ್ವೀಪವನ್ನು ಬಳಸಿ ಹೋಗುವುದು ಅವರ ಕಣ್ಣಿಗೇ ಬೀಳುತ್ತದೆ.