ಕಾದ ತಗಡು ಕಣಕದಂತೆ ಹಿಗ್ಗುವುದೇಕೆ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ತಗಡಿನ ಕೆಲಸ ಮಾಡುತ್ತೇನೆ. 7475 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತಗಡು ತಣ್ಣಗೆ ಬಗ್ಗಿಸಿದರೆ ಮಡಿಕೆಯಲ್ಲೇ ಸೀಳುತ್ತದೆ. ಅದೇ ತಗಡು ಕಾದಾಗ ಐದಾರು ಪಟ್ಟು ಹಿಗ್ಗುತ್ತದೆಯಂತೆ. ನಿಜವೇ?

ಉತ್ತರ: ನಿಜ. ಆದರೆ ಕಾಯಿಸಿದ ಮಾತ್ರಕ್ಕೆ ಯಾವ ತಗಡೂ ಹಾಗೆ ಹಿಗ್ಗುವುದಿಲ್ಲ. ಲೋಹವೆಂದರೆ ಒತ್ತಾಗಿ ಸೇರಿದ ಹರಳುಗಳ ರಾಶಿ; ಆ ಹರಳುಗಳು ಮೊದಲೇ ಸಣ್ಣದಾಗಿ, ಸುಮಾರು 10ರಿಂದ 15 ಮೈಕ್ರಾನಿನಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಇರಬೇಕು. ಅದಕ್ಕಾಗಿ ತಯಾರಕರು ಲೋಹವನ್ನು 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತಾಸುಗಟ್ಟಲೆ ಇಟ್ಟು ಒಳಗೆ ದಪ್ಪ ಕಣಗಳು ಕೂಡುವಂತೆ ಮಾಡಿ, ಕಡಿಮೆ ಬಿಸಿಯಲ್ಲಿ ರೋಲರುಗಳ ನಡುವೆ ಬಲವಾಗಿ ಲಟ್ಟಿಸಿ, ಬಳಿಕ ತಟ್ಟನೆ ಕಾಯಿಸುತ್ತಾರೆ. ಆಗ ಆ ಕಣಗಳ ಸುತ್ತ ಹೊಸ ಹರಳುಗಳು ಮೊಳೆಯುತ್ತವೆ, ಕ್ರೋಮಿಯಂ ಸೇರಿದ ಅತಿಸಣ್ಣ ಕಣಗಳು ಆ ಹರಳುಗಳು ಬೆಳೆದು ದಪ್ಪವಾಗದಂತೆ ತಡೆಯುತ್ತವೆ. ಇಂಥ ತಗಡನ್ನು 516 ಡಿಗ್ರಿಯ ಸುಮಾರಿಗೆ ಕಾಯಿಸಿ ಅನಿಲದ ಒತ್ತಡದಿಂದ ಅಚ್ಚಿನೊಳಕ್ಕೆ ಒತ್ತಿದಾಗ ಹರಳುಗಳು ತಾವು ಹೆಚ್ಚು ಉದ್ದವಾಗದೆ, ಚೀಲದೊಳಗಿನ ಜೋಳದ ಕಾಳಿನಂತೆ ಒಂದರ ಪಕ್ಕ ಒಂದು ಜಾರುತ್ತವೆ. ಅವಸರ ಮಾತ್ರ ಸಲ್ಲದು. ಪ್ರೆಸ್ಸಿನಲ್ಲಿ ಕ್ಷಣದಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಹತ್ತಾರು ನಿಮಿಷ ಬೇಕು. ಹೆಚ್ಚು ಹಿಗ್ಗಿದಂತೆ ಹರಳುಗಳ ಸಂದಿಯಲ್ಲಿ ಟೊಳ್ಳುಗಳು ಹುಟ್ಟುವುದರಿಂದ ತಗಡಿನ ಹಿಂಬದಿಗೂ ಅನಿಲದ ಒತ್ತಡ ಕೊಡುತ್ತಾರೆ. ನಿಮ್ಮ ಮಾಮೂಲಿ ತಗಡಿಗೆ ಒಲೆಯ ಶಾಖ ಕೊಟ್ಟು ಈ ಪ್ರಯೋಗ ಮಾಡಬೇಡಿ. ಹಿಗ್ಗುವುದಿರಲಿ, ಇದ್ದ ಗಟ್ಟಿತನವೂ ಹೋಗುತ್ತದೆ.