ಓದುಗರ ಪ್ರಶ್ನೆ: ಉದ್ಯಾನವಿದೆ, ಕೂರುವವರಿಲ್ಲ

ಪ್ರಶ್ನೆ: ನಮ್ಮದು 28 ಮನೆಗಳ ಬಡಾವಣೆ. ಹಿಂದಿನ ಮೂಲೆಯಲ್ಲಿ ಉದ್ಯಾನ, ಬೆಂಚು ಎಲ್ಲ ಇದ್ದರೂ ಯಾರೂ ಅತ್ತ ಸುಳಿಯುವುದಿಲ್ಲ. ವಯಸ್ಸಾದವರು, ಗಾಲಿಕುರ್ಚಿ ಬಳಸುವವರೂ ಇದ್ದಾರೆ. ಏನು ಬದಲಿಸಬೇಕು?

ಉತ್ತರ: ಮೂಲೆಯೇ ತೊಂದರೆ. ನೆರೆಯವರನ್ನು ಮಾತಾಡಿಸಲೆಂದೇ ಮನೆಯಿಂದ ಹೊರಡುವವರು ಕಡಿಮೆ. ಹೋಗಿಬರುವಾಗ ಎದುರಾದರೆ ನಿಂತು ಮಾತಾಡುತ್ತಾರೆ. ಹಾಗಾಗಿ ಎಲ್ಲರೂ ದಿನವೂ ನಡೆಯುವ ದಾರಿ ಯಾವುದೆಂದು ಮೊದಲು ಗುರುತಿಸಿ. ವಾಹನಗಳು ಬಾಗಿಲಿಗೇ ಬಂದು ನಿಲ್ಲುವುದಾದರೆ ಅಂಥ ದಾರಿಯೇ ಇರುವುದಿಲ್ಲ. ನಿಲುಗಡೆಯನ್ನು ಪ್ರವೇಶದ ಬಳಿ ಒಂದೆಡೆ ಸೇರಿಸಿ. ನಡೆಯಲಾಗದವರ ವಾಹನ ಮತ್ತು ಆಂಬುಲೆನ್ಸ್ ಮಾತ್ರ ಒಳಗೆ ಬರಲಿ. (ಸಂಘದ ಸಭೆಯಲ್ಲಿ ಜಗಳವಾಗುವುದು ಇಲ್ಲೇ, ಸಿದ್ಧರಾಗಿ ಹೋಗಿ.)

ಆ ದಾರಿಯ ಪಕ್ಕ, ನೆರಳಿರುವಲ್ಲಿ ಎರಡು ಬೆಂಚುಗಳನ್ನು ಲಂಬಕೋನದಲ್ಲಿ ಹಾಕಿ. ಒಂದೇ ಸಾಲಿನಲ್ಲಿಟ್ಟರೆ ಮಾತಾಡಲು ಕತ್ತು ತಿರುಗಿಸಬೇಕು. ಎದುರುಬದುರಾದರೆ ಅಪರಿಚಿತರಿಗೆ ಮುಜುಗರ. ಬೆನ್ನ ಹಿಂದೆ ಗೋಡೆಯೋ ಗಿಡಸಾಲೋ ಇರಲಿ. ಕೂರುವ ಎತ್ತರ 45 ಸೆಂ.ಮೀ. ಇರಬೇಕು. ಒರಗು, ಕೈಯಾಸರೆ ಎರಡೂ ಬೇಕು. ಮೊಣಕಾಲು ನೋವಿರುವವರು ಏಳುವುದು ಕೈ ಊರಿಯೇ. ಬೆಂಚಿನ ಪಕ್ಕದಲ್ಲೇ, ಗಟ್ಟಿ ನೆಲದ ಮೇಲೆ, 90 x 120 ಸೆಂ.ಮೀ. ಜಾಗ ಖಾಲಿ ಬಿಟ್ಟರೆ ಗಾಲಿಕುರ್ಚಿಯವರು ಸಾಲಿನಲ್ಲಿ ಸೇರಿ ಕೂರಬಹುದು.

ಮೆಟ್ಟಿಲಿದ್ದರೆ ರ‍್ಯಾಂಪ್ 1:12ಕ್ಕಿಂತ ಕಡಿದಾಗಬಾರದು. ಅಂದರೆ 45 ಸೆಂ.ಮೀ. ಏರಲು 5.4 ಮೀಟರ್ ಉದ್ದ ಬೇಕು. ಜಾಗವಿಲ್ಲವೆಂದು ಎರಡೇ ಮೀಟರಿನಲ್ಲಿ ಮುಗಿಸಿದ ರ‍್ಯಾಂಪುಗಳು ಕಣ್ಣೊರಸಲು ಮಾತ್ರ. ಇಳಿಯುವಾಗ ಕುರ್ಚಿ ಕೈತಪ್ಪುತ್ತದೆ. ಕೆಳಗೂ ಮೇಲೂ ತಿರುಗಲು ಒಂದೂವರೆ ಮೀಟರ್ ಸಮತಟ್ಟು ನೆಲ ಬಿಡಿ.

ಪ್ರಶ್ನೆ: ಬೀದಿಯಲ್ಲಿ ವಾಹನಗಳು ಹೆಚ್ಚಿದರೆ ನೆರೆಹೊರೆಯ ಒಡನಾಟ ನಿಜಕ್ಕೂ ಕಡಿಮೆಯಾಗುತ್ತದೆಯೇ?

ಉತ್ತರ: ಆಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ನಗರ ವಿನ್ಯಾಸ ತಜ್ಞ ಡೊನಾಲ್ಡ್ ಆಪಲ್‌ಯಾರ್ಡ್ ಅಧ್ಯಯನ ಮಾಡಿದ್ದರು. ದಿನಕ್ಕೆ ಸುಮಾರು 2,000 ವಾಹನ ಓಡಾಡುವ ಬೀದಿಯಲ್ಲಿ ಒಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ 3 ಗೆಳೆಯರು. 16,000 ವಾಹನಗಳ ಬೀದಿಯಲ್ಲಿ 0.9.

ಪ್ರಶ್ನೆ: ಮನೆ ಮುಂದಿನ ಜಗಲಿ ಎಷ್ಟು ಅಗಲವಿರಬೇಕು?

ಉತ್ತರ: ಕನಿಷ್ಠ 1.8 ಮೀಟರ್. ಅದಕ್ಕಿಂತ ಕಿರಿದಾದರೆ ಕುರ್ಚಿ ಹಾಕಿದ ಮೇಲೆ ಓಡಾಡಲಾಗದು. ಕೊನೆಗೆ ಅದು ಚಪ್ಪಲಿ ಬಿಡುವ ಜಾಗವಷ್ಟೇ.