ವೇಟ್‌ಐಡಿಯಿಂದ ಶುರುಮಾಡಿ

ನಮಸ್ಕಾರ,

ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ‘ಆಕ್ಸೆಸ್ ಓಕೆ’ ಎಂಬ ವಿಳಾಸ ತಪಾಸಣೆಯನ್ನು 2019ರಲ್ಲಿ ಚೊಕ್ಕ ಮಾಡಿದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ವಿಷಯ ಮಾತ್ರ ಕೈಬಿಡಬೇಡಿ.

ಮೊದಲ ಎರಡು ಪುಟ ಆಪರೇಟಿಂಗ್ ಸಿಸ್ಟಂ ಎಂದರೇನು ಎಂಬ ಪಾಠಕ್ಕೇ ಹೋಗಿದೆ. ಪೂರ್ತಿ ತೆಗೆಯಿರಿ. ‘ಕ್ರಾಂತಿಕಾರಿ ಬದಲಾವಣೆ’ ಎಂದು ನಾಲ್ಕು ಸಲ ಬರೆದಿದ್ದೀರಿ, ಅದೂ ಹೋಗಲಿ.

ಮೂರನೇ ಪುಟದಲ್ಲಿ ತಪ್ಪಿದೆ. ಆ ವಿಳಾಸದಲ್ಲಿ ಮೆಮೊರಿ ಇದೆಯೇ, ಬರೆಯಲು ಅನುಮತಿ ಇದೆಯೇ ಎಂದು ಆಕ್ಸೆಸ್ ಓಕೆ ನೋಡುತ್ತದೆ ಎಂದಿದ್ದೀರಿ. ಇಲ್ಲ. ಯೂಸರ್ ಪ್ರೋಗ್ರಾಂ ಕೊಟ್ಟ ವಿಳಾಸ ಕರ್ನಲ್‌ನ ಜಾಗಕ್ಕೆ ಕಾಲಿಡುತ್ತಿದೆಯೇ ಎಂದಷ್ಟೇ ಅದು ನೋಡುವುದು. ಅಲ್ಲಿ ಪೇಜೇ (ಮೆಮೊರಿಯ ತುಂಡೇ) ಇಲ್ಲದಿದ್ದರೆ ನಕಲು ಮಾಡುವಾಗ ಫಾಲ್ಟ್ (ಚಿಪ್ ಎತ್ತುವ ತಕರಾರು) ಆಗುತ್ತದೆ. ಕರ್ನಲ್ ಅದನ್ನು ಹಿಡಿದು ‘ಇಫಾಲ್ಟ್’ ಎಂಬ ಎರರ್ ಕೊಟ್ಟು ಕಳಿಸುತ್ತದೆ.

ನಿಮ್ಮ ಗೊಂದಲಕ್ಕೆ ಕಾರಣವಿದೆ, ಅದನ್ನೇ ನೀವು ಬರೆದಿಲ್ಲ. ‘ಅನಗತ್ಯ ಆರ್ಗ್ಯುಮೆಂಟ್ ತೆಗೆಯಲಾಯಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆರ್ಗ್ಯುಮೆಂಟ್ ಎಂದರೆ ಆಕ್ಸೆಸ್ ಓಕೆಗೆ ಜೊತೆಯಲ್ಲಿ ಕೊಡುವ ಮಾಹಿತಿ. ಮೊದಲು ಅದು ಯಾಕೆ ಬೇಕಿತ್ತು? ಇಂಟೆಲ್‌ನ ಹಳೆಯ 80386 ಚಿಪ್, ಕರ್ನಲ್ ಮೋಡ್‌ನಲ್ಲಿದ್ದಾಗ (ಕರ್ನಲ್‌ನ ಕೋಡ್ ಓಡಿಸುವಾಗ) ಪೇಜಿನ ರೈಟ್ ಪ್ರೊಟೆಕ್ಷನ್, ಅಂದರೆ ಬರೆಯದಂತೆ ಇರುವ ತಡೆಯನ್ನು, ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಓದುವುದಕ್ಕೋ ಬರೆಯುವುದಕ್ಕೋ ಎಂದು ಆ ಆರ್ಗ್ಯುಮೆಂಟ್‌ನಲ್ಲಿ ಮೊದಲೇ ಹೇಳಿ ನೋಡಬೇಕಿತ್ತು. ಮುಂದಿನ 486 ಚಿಪ್‌ನಲ್ಲಿ ಅದು ಸರಿಹೋಯಿತು, 386ರ ಬೆಂಬಲವನ್ನೇ 2012ರ ಕೊನೆಗೆ ಕಿತ್ತುಹಾಕಿದರು. ಆರ್ಗ್ಯುಮೆಂಟ್ ಮಾತ್ರ 2019ರ ಜನವರಿಯಲ್ಲಿ ಲಿನಕ್ಸ್‌ನ ಸೃಷ್ಟಿಕರ್ತ ಲಿನಸ್ ಟೊರ್ವಾಲ್ಡ್ಸ್ ತೆಗೆಯುವವರೆಗೂ ಕರ್ನಲ್ ತುಂಬಾ ಕೂತಿತ್ತು. ಚಿಪ್ ಸತ್ತರೂ ಅದರ ಕಟ್ಟಳೆ ಬದುಕಿತ್ತು ನೋಡಿ!

ಇನ್ನು ವೇಟ್‌ಐಡಿ. ಪ್ರೋಗ್ರಾಂ ತಾನು ಶುರುಮಾಡಿದ ಇನ್ನೊಂದು ಪ್ರೋಗ್ರಾಂ ಮುಗಿಯಲಿ ಎಂದು ಕಾಯಲು ಕರ್ನಲ್‌ಗೆ ಸಲ್ಲಿಸುವ ಕೋರಿಕೆ (ಸಿಸ್ಟಂ ಕಾಲ್) ಅದು; ಉತ್ತರವನ್ನು ಕರ್ನಲ್ ಆ ಪ್ರೋಗ್ರಾಂ ಕೊಟ್ಟ ವಿಳಾಸದಲ್ಲಿ ಬರೆಯುತ್ತದೆ. ಲೇಖನದ ಜೀವ ಅಲ್ಲಿದೆ, ನೀವದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಿ. 2017ರ 4.13 ಆವೃತ್ತಿಯಲ್ಲಿ ಈ ಸಿಸ್ಟಂ ಕಾಲ್ ಅನ್ನು ಹೊಸ ರೀತಿಗೆ ಬದಲಿಸಿದರು. ಯೂಸರ್ ಮೆಮೊರಿಗೆ ಬರೆಯುವ ಹಳೆಯ ‘ಪುಟ್ ಯೂಸರ್’ ಪ್ರತಿ ಸಲ ತಾನೇ ವಿಳಾಸ ನೋಡಿಕೊಳ್ಳುತ್ತಿತ್ತು. ಹೊಸ ‘ಅನ್‌ಸೇಫ್ ಪುಟ್ ಯೂಸರ್’ ನೋಡುವುದಿಲ್ಲ, ಮೊದಲೇ ಒಮ್ಮೆ ನೋಡಿರುತ್ತಾರೆ ಎಂದು ನಂಬುತ್ತದೆ. ಆ ಒಮ್ಮೆ ನೋಡುವುದೇ ಬಿಟ್ಟುಹೋಯಿತು. ಸಾಮಾನ್ಯ ಯೂಸರ್ ಒಬ್ಬ ಕರ್ನಲ್‌ನ ವಿಳಾಸ ಕೊಟ್ಟರೆ ಕರ್ನಲ್ ತನ್ನ ಮೆಮೊರಿಯ ಮೇಲೆ ತಾನೇ ಬರೆದುಕೊಳ್ಳುತ್ತಿತ್ತು. ಅಕ್ಟೋಬರ್‌ನಲ್ಲಿ ತೇಪೆ ಬಿತ್ತು. ನೀವು ಬರೆದಿರುವ ಚೊಕ್ಕತನಕ್ಕೆ ಅರ್ಥ ಬರುವುದು ಇಲ್ಲಿ: 2019ರ ಅದೇ ಜನವರಿಯಲ್ಲಿ ಯೂಸರ್ ಮೆಮೊರಿಯ ಬಾಗಿಲು ತೆರೆಯುವ ‘ಯೂಸರ್ ಆಕ್ಸೆಸ್ ಬಿಗಿನ್’ ಒಳಗೇ ಆಕ್ಸೆಸ್ ಓಕೆ ತಪಾಸಣೆಯನ್ನು ಸೇರಿಸಿದರು. ಬಾಗಿಲು ತೆರೆಯಬೇಕೆಂದರೆ ತಪಾಸಣೆ ಆಗಲೇಬೇಕು. ಮರೆಯಲು ಆಸ್ಪದವೇ ಇಲ್ಲ.

ವೇಟ್‌ಐಡಿಯಿಂದ ಶುರುಮಾಡಿ, ಎಂಟುನೂರು ಪದದೊಳಗೆ ಮುಗಿಸಿ ಕಳಿಸಿ. ಈ ತಪಾಸಣೆಯ ಗಡಿಯನ್ನೇ ಬದಲಿಸುತ್ತಿದ್ದ ‘ಸೆಟ್ ಎಫ್‌ಎಸ್’ ಕಥೆಯನ್ನು ಇದರಲ್ಲಿ ತುರುಕಬೇಡಿ, ಅದೇ ಬೇರೆ ಲೇಖನವಾಗುತ್ತದೆ.

ಸಂಪಾದಕ